ಒಂದು ಮೆಟ್ಟಿಲು ಕೆಳಗಿಳಿದ ಮಾತು

ಖಣಿಯೂರು
ಒಣಶಕೆ ಎಪ್ಪತ್ತೊಂದು, ಎರಡನೆಯ ವೈಶಾಖದ ಮೂವತ್ತನಾಲ್ಕನೆಯ ದಿನ

ತಂಗಿ,

ಈ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ಹೊಳೆ ಹರಿಯುವುದನ್ನು ನಿಲ್ಲಿಸಿದ ವರ್ಷದಿಂದ ನಾವು ಶಕೆ ಎಣಿಸುತ್ತೇವೆ. ಬೇಸಿಗೆ ಬೆಳೆದು ಬೆಳೆದು ಉಳಿದ ತಿಂಗಳುಗಳನ್ನು ನುಂಗಿದ್ದರಿಂದ ವೈಶಾಖ ನಮಗೆ ಎರಡು ಸಲ ಬರುತ್ತದೆ, ಮೂವತ್ತಕ್ಕೆ ಮುಗಿಯುವುದೂ ಇಲ್ಲ. ನನ್ನ ಕೆಲವು ಮಾತುಗಳು ನಿಮಗೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಆಗಬಹುದು. ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಆಮೇಲೆ ಕೇಳುವಷ್ಟು ವ್ಯವಧಾನ ನನಗಿಲ್ಲ. ಇನ್ನು ತಂಗಿ ಎಂದು ಕರೆದದ್ದು. ನೀವು ನನಗಿಂತ ನಾಲ್ಕೈದು ತಲೆ ಹಿರಿಯರು, ಅಜ್ಜಿಯ ಅಜ್ಜಿ ಆಗಬೇಕಾದವರು. ಆದರೆ ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಹುಸೇನಬಿ ನಿಮ್ಮನ್ನು ಹಾಗೆ ಕರೆದಿದ್ದಾಳೆ, ನಾನೂ ಕರೆಯುತ್ತೇನೆ.

ಹೌದು, ಆ ಹುಸೇನಬಿಯೇ. ಜಗಲಿಯ ಮೇಲೆ ಕೂತು ಕೇಸರಿ ಕಾಳು ಬೇಯಿಸುವ ಬಗೆಯನ್ನು ನಿಮಗೆ ಹೇಳಿದ ಮುದುಕಿ. ಅವಳು ಹೇಳಿದ್ದನ್ನು ನೀವು ಒಂದಕ್ಷರ ಬಿಡದೆ ಬರೆದುಕೊಂಡು ನಿಮ್ಮೂರಿನ ವಿಕಿ ಪುಟಕ್ಕೆ ಹಾಕಿದ್ದೀರಿ. ಇನ್ನು ಸ್ವಲ್ಪ ಹೊತ್ತಿಗೆ ಯಂತ್ರಕ್ಕೆ ಹೇಳುತ್ತೀರಿ: ಇದಕ್ಕೆ ತಲೆಬರಹ ಕೊಡು, ಪಟ್ಟಿ ಮಾಡು, ಪಟ್ಟಿಯ ಒಳಗೆ ಒಳಪಟ್ಟಿ ಮಾಡು, ಒಪ್ಪವಾಗಿ ಕಾಣುವಂತೆ ಮಾಡು. ಆ ಒಪ್ಪದಿಂದ ನನ್ನ ಮಗಳ ಕಾಲು ಹೋಗಿವೆ. ನಾಳೆ ನನ್ನ ಮೊಮ್ಮಗಳು ಮೊದಲ ಸಲ ಅದೇ ಊಟಕ್ಕೆ ಕೂರುತ್ತಾಳೆ. ಅವಳ ಹೆಸರು ರೇವು. ಐದು ವರ್ಷ ತುಂಬಿತು, ಇನ್ನೂ ಓಡುತ್ತಾಳೆ.

ನಾನು ಮಲಕವ್ವ. ನೆರಳುಬಟ್ಟೆ ಹೊಲಿಯುತ್ತೇನೆ, ಅಂದರೆ ಊರಿನ ಮೇಲೆ ಹಾಸುವ ಚಪ್ಪರದ ಬಟ್ಟೆ. ನಮ್ಮ ಊರು ನಿಮ್ಮ ಕಾಲದಲ್ಲಿ ಫರ್ಸಿ ಕಲ್ಲು ತೆಗೆದು ಬಿಟ್ಟುಹೋದ ಒಂದು ಖಣಿ. ನೀವು ನೆಲಕ್ಕೆ ಹಾಸಿಕೊಳ್ಳಲು ಕಲ್ಲು ತೆಗೆದಿರಿ, ಆ ಗುಂಡಿ ನಮಗೆ ಮನೆಯಾಯಿತು. ಅಷ್ಟರ ಮಟ್ಟಿಗೆ ನಿಮ್ಮ ಋಣ ಇದೆ. ಮೇಲೆ ನೆಲದ ಮಟ್ಟದಲ್ಲಿ ಹಗಲು ಯಾರೂ ನಿಲ್ಲಲಾರರು. ಕೆಳಗೆ ಕಲ್ಲಿನ ಗೋಡೆ ಕೊರೆದು ಮಾಡಿದ ಗೂಡುಗಳಲ್ಲಿ ಬಾಳುತ್ತೇವೆ, ಬೆಳಗಿನ ಜಾವ ಮತ್ತು ಸಂಜೆ ಮೇಲೆ ಹತ್ತಿ ಹೊಲ ನೋಡಿ ಬರುತ್ತೇವೆ. ಒಲೆ ಊರಿಗೆಲ್ಲ ಒಂದೇ. ಮನೆಮನೆಗೆ ಒಲೆ ಹೂಡುವಷ್ಟು ಸೌದೆ ಇಲ್ಲ, ಹೂಡಿದರೆ ಹೊಗೆ ಹೋಗಲು ದಾರಿಯೂ ಇಲ್ಲ. ದೊಡ್ಡ ಹಂಡೆಯಲ್ಲಿ ಬೇಯುತ್ತದೆ, ಎಲ್ಲರೂ ಸಾಲಾಗಿ ಕೂತು ಉಣ್ಣುತ್ತೇವೆ. ಮಕ್ಕಳಿಗೆ ಐದು ತುಂಬುವವರೆಗೆ ಮೇಕೆಯ ಹಾಲು, ತೆಗೆದಿಟ್ಟ ಸಜ್ಜೆಯ ಗಂಜಿ. ಐದು ತುಂಬಿದ ಮೇಲೆ ಹಣೆಗೆ ವಿಭೂತಿ ಹಚ್ಚಿ, ಕೈಗೆ ತಾಟು ಕೊಟ್ಟು ದೊಡ್ಡವರ ಸಾಲಿಗೆ ಕೂರಿಸುತ್ತೇವೆ. ಅದು ನಮ್ಮಲ್ಲಿ ದೊಡ್ಡ ಹಬ್ಬ, ಮಕ್ಕಳು ಆ ದಿನಕ್ಕಾಗಿ ಕುಣಿಯುತ್ತಾರೆ.

ನೀರು ಖಣಿಯ ತಳದಲ್ಲಿ ಜಿನುಗುತ್ತದೆ. ಜಿನುಗಿದ್ದನ್ನು ಅಳೆದು ಹಂಚುತ್ತೇವೆ. ನಮ್ಮಲ್ಲಿ ನೀರಾಣೆ ಎಂಬ ಕಟ್ಟಳೆಯಿದೆ: ನೀರು ಮೊದಲು ಬಾಯಿಗೆ, ಮಣ್ಣಿಗೆ ಆಮೇಲೆ. ಕುಡಿಯಬಹುದಾದ ನೀರನ್ನು ಚೆಲ್ಲಿದವರಿಗೆ ಮರುದಿನದಿಂದ ಪಾಲಿಲ್ಲ. ಪಾಲಿಲ್ಲ ಎಂದರೆ ಊರು ಬಿಡಬೇಕು ಎಂದೇ ಅರ್ಥ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಕೈತಪ್ಪಿ ಚೆಲ್ಲಿದವರನ್ನು ಬೈದು ಬಿಡುತ್ತಾರೆ. ಬೇಕೆಂದು ಚೆಲ್ಲಿದವರನ್ನು ಯಾರೂ ಬೈಯುವುದಿಲ್ಲ.

ಇಷ್ಟೆಲ್ಲ ಕಟ್ಟಳೆಗಳು, ಮನೆ ಕೊರೆಯುವ ಬಗೆ, ಹಾವು ಕಚ್ಚಿದರೆ ಮಾಡಬೇಕಾದ್ದು, ಬಾಣಂತಿಗೆ ಕೊಡಬೇಕಾದ್ದು, ಎಲ್ಲವೂ ಕೂಡುಪುಟದಲ್ಲಿವೆ. ನೀವು ವಿಕಿ ಎನ್ನುವುದನ್ನೇ ನಾವು ಕೂಡುಪುಟ ಎನ್ನುತ್ತೇವೆ. ನಿಮ್ಮ ಕಾಲದ ಪುಟಗಳು ಯಾವ ಯಾವುದೋ ಕೈಗಳನ್ನು ದಾಟಿ ನಮ್ಮವರೆಗೆ ಬಂದಿವೆ. ಅವನ್ನು ಅಂದವಾಗಿ ಜೋಡಿಸಿಡುವ ಯಂತ್ರಕ್ಕೆ ಒಪ್ಪಗಾರ ಎಂದು ಹೆಸರು. ರಾಶಿ ಮಾತು ಸುರಿದರೆ ಸಾಕು, ಒಪ್ಪಗಾರ ತಲೆಬರಹ ಕೊಡುತ್ತಾನೆ, ಅದರ ಕೆಳಗೆ ಅಂಶ, ಅಂಶದ ಹೊಟ್ಟೆಯಲ್ಲಿ ಉಪಾಂಶ, ಅದರ ಹೊಟ್ಟೆಯಲ್ಲಿ ಇನ್ನೊಂದು. ಸುಳ್ಳು ಯಾಕೆ ಹೇಳಲಿ, ಅವನಿಂದ ಬದುಕಿದವರು ಬಹಳ. ನನ್ನ ಹೆರಿಗೆಯೇ ಅವನು ಜೋಡಿಸಿದ ಪುಟ ಓದಿಸಿಕೊಂಡು ಆದದ್ದು, ಮಗಳು ಕಾಶಿ ಹೊಟ್ಟೆಯಲ್ಲಿ ಅಡ್ಡ ತಿರುಗಿದ್ದಳು.

ಮೊದಲು ಯಾರು ಬೇಕಾದರೂ ಪುಟ ತಿದ್ದಬಹುದಿತ್ತಂತೆ. ಒಂದು ಹಸಿವಿನ ವರ್ಷ ನೀರಿನ ಪಾಲಿನ ಪುಟವನ್ನು ತಮಗೆ ಬೇಕಾದ ಹಾಗೆ ತಿದ್ದಿಕೊಂಡರು, ಹೊಡೆದಾಡಿದರು, ಹೆಣ ಬಿದ್ದವು. ಆಮೇಲೆ ಹಿರಿಯರು ಎರಡು ಮಾತು ಕಟ್ಟಿದರು. ಮೊದಲನೆಯದು, ಪುಟಕ್ಕೆ ಮನುಷ್ಯರ ಕೈ ತಾಗಬಾರದು, ಒಪ್ಪಗಾರ ಮಾತ್ರ ಮುಟ್ಟಬೇಕು, ಅವನೂ ಹೊಸದನ್ನು ಸೇರಿಸಬಾರದು. ಎರಡನೆಯದು, ಯಾರನ್ನಾದರೂ ಊರು ಬಿಡಿಸಿದರೆ, ಯಾವ ಪುಟದ ಮಾತು ಮೀರಿದ್ದಕ್ಕೆ ಬಿಡಿಸಿದರೋ ಆ ಪುಟದ ತುದಿಗೆ ಅವರ ಕೊನೆಯ ಹೇಳಿಕೆಯನ್ನು ಇಡಬೇಕು. ಅದನ್ನು ಒಪ್ಪ ಮಾಡುವಂತಿಲ್ಲ, ಅವರು ಆಡಿದ ಹಾಗೆಯೇ ಇರಬೇಕು, ಪುಟ ಓದುವಾಗಲೆಲ್ಲ ಅದನ್ನೂ ಓದಬೇಕು. ಹೊಡೆದು ಊರು ಬಿಟ್ಟವರ ತಪ್ಪೊಪ್ಪಿಗೆ ಮರೆಯಾಗದಿರಲಿ ಎಂದು, ಸತ್ತವರ ಕಡೆಯವರ ಹೊಟ್ಟೆ ತಣಿಸಲು ಮಾಡಿದ ಏರ್ಪಾಡು ಅದು.

ಓದುವ ಬಗೆಯನ್ನೂ ಹೇಳುತ್ತೇನೆ, ಇಲ್ಲದಿದ್ದರೆ ನನ್ನ ಜಗಳ ನಿಮಗೆ ತಿಳಿಯದು. ನಮ್ಮಲ್ಲಿ ಅಕ್ಷರ ಬಲ್ಲವರು ಕಡಿಮೆ, ಪುಟವನ್ನು ಕಿವಿಯಿಂದಲೇ ಕೇಳುತ್ತೇವೆ. ಖಣಿಯ ಒಂದು ಬದಿಗೆ ಕಲ್ಲು ಕಡಿದ ಮೆಟ್ಟಿಲುಗಳಿವೆ. ಓದುವವರು ತಲೆಬರಹವನ್ನು ಮೇಲಿನ ಮೆಟ್ಟಿಲಲ್ಲಿ ನಿಂತು ಹೇಳುತ್ತಾರೆ. ಅಂಶಕ್ಕೆ ಒಂದು ಮೆಟ್ಟಿಲು ಇಳಿಯುತ್ತಾರೆ, ಉಪಾಂಶಕ್ಕೆ ಇನ್ನೊಂದು. ಹೊಸ ಅಂಶ ಬಂದಾಗ ಮತ್ತೆ ಹತ್ತುತ್ತಾರೆ. ಯಾವ ಮಾತು ಯಾವುದರ ಅಡಿಗೆ ಸೇರಿದ್ದು ಎಂದು ಕೂಸುಗಳಿಗೂ ಕಣ್ಣಿಗೇ ಕಾಣುತ್ತದೆ. ಓದುವವರ ಹೆಸರು ದೇವಿಂದ್ರಪ್ಪ. ಮಂಡಿ ನೋಯುವ ವಯಸ್ಸಾದರೂ ಒಂದು ಮೆಟ್ಟಿಲು ತಪ್ಪಿದವರಲ್ಲ, ಸಭೆಯ ಯಜಮಾನರೂ ಅವರೇ.

ಕೇಸರಿ ಕಾಳಿನ ಪುಟ ನಮ್ಮಲ್ಲಿ ಹೀಗಿದೆ. ಮೇಲಿನ ಮೆಟ್ಟಿಲಲ್ಲಿ: ಕಾಳು ಹಸನು ಮಾಡುವುದು. ಒಂದು ಇಳಿದು: ಹೊಸ ಕಾಳು. ಇನ್ನೊಂದು ಇಳಿದು: ಹೊಟ್ಟು ಹಾರಿಸಿ. ಮತ್ತೆ ಹತ್ತಿ: ಹಳೆಯ ಕಾಳು. ಇಳಿದು: ಜರಡಿ ಹಿಡಿಯಿರಿ, ಬಿಸಿಲಿಗೆ ಹಾಕಿ, ಬಿಸಿನೀರಿನಲ್ಲಿ ನೆನೆಸಿ ಆ ನೀರು ಚೆಲ್ಲಿ. ಆಮೇಲೆ ಮೇಲಕ್ಕೆ ಹೋಗಿ: ಬೇಯಿಸುವುದು. ಇಷ್ಟೇ. ಹಳೆಯ ಕಾಳಿಗೆ ನೀರು ಚೆಲ್ಲಲು ಪುಟದ ಅಪ್ಪಣೆಯಿದೆ, ಹೊಸ ಕಾಳಿಗೆ ಇಲ್ಲ. ಅಪ್ಪಣೆ ಇಲ್ಲದ ಕಡೆ ನೀರಾಣೆ ಇದೆ. ಹೊಸ ಕಾಳನ್ನು ನಾವೂ ನೆನೆಸುತ್ತೇವೆ, ಬೇಗ ಬೇಯಲಿ ಎಂದು. ಆದರೆ ಆ ನೀರನ್ನು ಚೆಲ್ಲುವುದಿಲ್ಲ, ಕುದಿಸಿ, ಹುಣಸೆ ಹಿಂಡಿ, ಕಟ್ಟಿನ ಸಾರು ಮಾಡಿ ಕುಡಿಯುತ್ತೇವೆ. ರುಚಿಯಾಗಿರುತ್ತದೆ, ತಂಗಿ. ಬಾಣಂತಿಯರಿಗೆ ಎರಡು ಲೋಟ ಹೆಚ್ಚು ಕೊಡುತ್ತೇವೆ.

ಸಜ್ಜೆ ಬೆಳೆಯುವ ಕಾಲದಲ್ಲಿ ಇದರಿಂದ ಏನೂ ಆಗಲಿಲ್ಲ, ಕೇಸರಿ ಕಾಳು ಆಗೊಮ್ಮೆ ಈಗೊಮ್ಮೆ ಉಣ್ಣುವ ಪದಾರ್ಥವಾಗಿತ್ತು. ನಿಮ್ಮ ಕಾಲದಲ್ಲಿ ಇದನ್ನು ತೊಗರಿಗೆ ಬೆರೆಸುವ ಕಳ್ಳ ಬೇಳೆ ಎಂದು ಬೈಯುತ್ತಿದ್ದರಂತೆ. ನಮಗೆ ಈಗ ಅದೇ ದೇವರು, ಯಾಕೆಂದರೆ ಮಳೆ ಬಿಟ್ಟರೂ ಅದು ಬೆಳೆಯುವುದನ್ನು ಬಿಡುವುದಿಲ್ಲ. ಸಜ್ಜೆ ಪೂರ್ತಿ ಕೈಕೊಟ್ಟ ಮೇಲೆ ಎರಡು ಹೊತ್ತೂ ಅದೇ ಊಟ, ಅದೇ ಸಾರು. ಮೊದಲು ಹೊಲಕ್ಕೆ ಹೋಗುವ ಗಂಡಸರ ಮೀನಖಂಡ ಹಿಡಿಯಿತು. ಆಮೇಲೆ ನಡೆಯುವಾಗ ಒಂದು ಕಾಲು ಇನ್ನೊಂದಕ್ಕೆ ತೊಡರತೊಡಗಿತು. ಕಲ್ಲಿನ ಶೀತ ಎಂದರು, ಖಣಿ ವಾಯು ಎಂದರು, ಎಣ್ಣೆ ತಿಕ್ಕಿದರು. ನನ್ನ ಕಾಶಿ ಬಾಣಂತನ ಮುಗಿಸಿ ಎದ್ದು ಮತ್ತೆ ನೆರಳುಬಟ್ಟೆ ಕಟ್ಟಲು ಕಂಬ ಹತ್ತುತ್ತಿದ್ದವಳು. ಅವಳು ಮೊದಲು ಕೋಲು ಹಿಡಿದಳು, ಆಮೇಲೆ ಎರಡು ಕೋಲು, ಈಗ ಕೈ ಊರಿ ತೆವಳುತ್ತಾಳೆ. ತಾಯಿಯಾದವಳು ಅದನ್ನು ನೋಡಬಾರದು, ನಾನು ದಿನಾ ನೋಡುತ್ತೇನೆ.

ಕಾಶಿಯನ್ನು ಕೈಗಾಡಿಯಲ್ಲಿ ಕೂರಿಸಿಕೊಂಡು, ರಾತ್ರಿಯೆಲ್ಲ ನಡೆದು ಕರಿಬಂಡಿಗೆ ಹೋದೆ. ಅದು ಒಣಹೊಳೆಯ ಆಚೆಗಿರುವ ಊರು, ಅಲ್ಲಿ ಎಲುಬು ಕೂಡಿಸುವವಳು ಒಬ್ಬಳಿದ್ದಾಳೆ ಎಂದು ಕೇಳಿದ್ದೆ. ಅವಳು ಕಾಶಿಯ ಕಾಲು ಒತ್ತಿ ನೋಡಿ, ಇದು ಎಲುಬಿನದಲ್ಲ, ಇನ್ನು ಬರುವುದೂ ಇಲ್ಲ ಎಂದಳು. ನಾನು ಅಲ್ಲೇ ಕೂತು ಅವರ ಊರು ನೋಡಿದೆ. ಅವರೂ ಕೇಸರಿ ಕಾಳೇ ಉಣ್ಣುತ್ತಾರೆ, ಎರಡು ಹೊತ್ತೂ. ಒಬ್ಬರೂ ಕುಂಟುವುದಿಲ್ಲ. ಅಡುಗೆಯವಳು ಕಾಳು ನೆನೆಸಿದ ನೀರನ್ನು ನನ್ನ ಕಣ್ಣ ಮುಂದೆಯೇ ಬಗ್ಗಿಸಿ ಗೋಡೆಯ ಮಣ್ಣು ಕಲಸುವ ಗುಂಡಿಗೆ ಸುರಿದಳು. ಯಾಕಮ್ಮ ಹೀಗೆ ಎಂದರೆ ಅವಳು ನಕ್ಕು, “ಎಲ್ಲಾರಿಗೂ ಗೊತ್ತದ,” ಎಂದಳು. ಅದು ಅವರ ಊರಿನ ಗಾದೆಯಂತೆ.

ಆ ಗಾದೆ ಎಲ್ಲಿಂದ ಬಂತೆಂದು ಸಂಜೆ ತಿಳಿಯಿತು. ಕರಿಬಂಡಿಯ ಒಪ್ಪಗಾರ ಬಹಳ ಹಿಂದೆಯೇ ಕೆಟ್ಟುಹೋಗಿದ್ದಾನೆ. ಅವರ ಪುಟಕ್ಕೆ ತಲೆಬರಹವೂ ಇಲ್ಲ, ಒಳಪಟ್ಟಿಯೂ ಇಲ್ಲ. ಮೇಲೆ ಒಂದೇ ಸಾಲು: ಹುಸೇನಬಿ ಹೇಳಿದ್ದು, ಒಪ್ಪ ಮಾಡುವುದು ಬಾಕಿ. ಆ ಸಾಲು ನಿಮ್ಮದು, ತಂಗಿ. ಅದರ ಕೆಳಗೆ ಉದ್ದಕ್ಕೆ ಆ ಮುದುಕಿಯ ಮಾತು. ಊರೆಲ್ಲ ಕೂತು ಕೇಳುತ್ತಾರೆ, ಅತ್ತೆಯ ಸುದ್ದಿ ಬಂದಾಗ ನಗುತ್ತಾರೆ. ನಾನು ಇದ್ದ ಮೂರು ದಿನದಲ್ಲಿ ಅದನ್ನು ಬಾಯಿಪಾಠ ಮಾಡಿಕೊಂಡೆ:

“ಬರ್ಕೋ ತಂಗಿ. ಕೇಸರಿ ಕಾಳಂದ್ರ ಬಡವರ ಕಾಳು. ನಮ್ಮತ್ತಿ ಇದನ್ನ ಒಲಿ ಮ್ಯಾಲ ಇಟ್ಟು ಪಕ್ಕದ ಮನಿಗೆ ಮಾತಾಡ್ಲಾಕ ಹೋಗ್ತಿದ್ಳು, ತಳ ಹತ್ತಿದ್ರ ಬೈಗಳ ನನಗ. ಇರ್ಲಿ, ಸತ್ತಾಕಿ ಮ್ಯಾಲ ಏನ್ ಹೇಳೂದು. ಹೊಸಾ ಕಾಳಿದ್ರ ಹೊಟ್ಟು ಹಾರಸ್ಬೇಕು. ಹಳೀದಿದ್ರ ಹುಳ ಇರ್ತಾವ, ಜರಡಿ ಹಿಡೀಬೇಕು, ಬಿಸಲಿಗಿ ಹಾಕ್ಬೇಕು. ಬಿಸಿನೀರಾಗ ನೆನಿ ಇಟ್ಟು ಆ ನೀರ ಚೆಲ್ಲಿಬಿಡ್ಬೇಕು. ಅದೇನ್ ಬರ್ಕೋಬ್ಯಾಡ, ಎಲ್ಲಾರಿಗೂ ಗೊತ್ತದ. ಆಮ್ಯಾಲ ಬ್ಯಾರೆ ನೀರ ಹಾಕಿ ಕುದಸೂದು.”

ಎಲ್ಲಾರಿಗೂ ಗೊತ್ತದ ಎಂಬಲ್ಲಿಗೆ ಬಂದಾಗ ಕೂತವರೆಲ್ಲ ಒಟ್ಟಿಗೆ ಅದನ್ನು ಕೂಗುತ್ತಾರೆ, ಮಕ್ಕಳು ಎಲ್ಲರಿಗಿಂತ ಜೋರಾಗಿ. ಹೊಸದಾಗಲಿ ಹಳೆಯದಾಗಲಿ, ಆ ಊರಿನಲ್ಲಿ ನೆನೆಸಿದ ನೀರು ಕುಡಿಯುವ ಯೋಚನೆಯೇ ಯಾರಿಗೂ ಬರುವುದಿಲ್ಲ. ಕಾಲು ಹಿಡಿಯುವ ವಿಷ ಕಾಳಿನಿಂದ ಆ ನೀರಿಗೆ ಇಳಿಯುತ್ತದೆ ಎಂದು ನನಗೆ ಆಗ ಹೊಳೆಯಿತು. ನಾವೂ ಇಲ್ಲೇ ಇರುತ್ತೇವೆ, ಮೊಮ್ಮಗಳನ್ನೂ ಕರೆತರುತ್ತೇನೆ ಎಂದು ಕೇಳಿಕೊಂಡೆ. ಅವರ ಜಿನುಗೂ ನಮ್ಮಷ್ಟೇ. ಮೂರು ದಿನದ ಮೇಲೆ ಹೊರಗಿನ ಬಾಯಿಗೆ ನೀರಿಲ್ಲ ಎಂದರು, ಅವರನ್ನು ಬೈಯುವಂತಿಲ್ಲ.

ಊರಿಗೆ ಬಂದವಳೇ ದೇವಿಂದ್ರಪ್ಪನವರ ಹತ್ತಿರ ಹೋದೆ. ಪುಟ ತಿದ್ದಿ ಎಂದು ನಾನು ಕೇಳಲಿಲ್ಲ. ಬಿಸಿನೀರಿನ ಮಾತು ಬಂದಾಗ ಒಂದೇ ಒಂದು ಮೆಟ್ಟಿಲು ಹತ್ತಿ ನಿಂತು ಓದಿ, ಹಳೆಯ ಕಾಳಿನ ಹೊಟ್ಟೆಯಿಂದ ಅದನ್ನು ಹೊರಗೆ ತನ್ನಿ, ಅಷ್ಟು ಸಾಕು ಎಂದೆ. ಅವರಿಗೆ ಸಿಟ್ಟು ಬರಲಿಲ್ಲ. ಅವರ ಕಾಲೂ ತೊಡರತೊಡಗಿವೆ, ನನಗೆ ಕಾಣುತ್ತದೆ.

“ಮಲಕವ್ವಾ, ಪುಟ ಎಲ್ಲಿ ನಿಲ್ಲಂತದೋ ಅಲ್ಲೇ ನಿಲ್ಲಾಂವ ನಾ. ಇವತ್ತು ನಿನ್ನ ಸಲುವಾಗಿ ಒಂದು ಮೆಟ್ಟಲ ಹತ್ತಿದ್ರ, ನಾಳೆ ಇನ್ನೊಬ್ಬ ಬಂದು ನೀರಿನ ಪಾಲಿಗಿ ಹತ್ತು ಅಂತಾನ. ಆಗೇನ್ ಮಾಡ್ಲಿ, ನೀನೇ ಹೇಳು.”

ಆದರೂ ಒಳ್ಳೆಯವರು, ಸಭೆ ಕರೆದರು. ಕರಿಬಂಡಿಯ ಮಾತನ್ನು ಒಪ್ಪಗಾರನಿಗೇ ಒಪ್ಪಿಸೋಣ, ಅವನು ಜೋಡಿಸಿ ಕೊಡಲಿ ಎಂದು ಎಲ್ಲರೂ ಒಪ್ಪಿದರು. ನಾನು ಒಪ್ಪಗಾರನ ಮುಂದೆ ನಿಂತು ಹುಸೇನಬಿ ಹೇಳಿದ್ದನ್ನು ಅತ್ತೆಯ ಸಮೇತ ಒಪ್ಪಿಸಿದೆ, ಒಂದು ಮಾತೂ ಬಿಡಲಿಲ್ಲ. ಅವನು ಕ್ಷಣದಲ್ಲಿ ಪುಟ ಕೊಟ್ಟ. ಹೊಸ ಕಾಳು, ಅದರಡಿಗೆ ಹೊಟ್ಟು ಹಾರಿಸಿ. ಹಳೆಯ ಕಾಳು, ಅದರಡಿಗೆ ಜರಡಿ, ಬಿಸಿಲು, ಬಿಸಿನೀರು, ಚೆಲ್ಲಿ. ಅದೇ ಪುಟ, ಅದೇ ಮೆಟ್ಟಿಲು. ಕೊನೆಗೆ ತನ್ನ ವಿನಯದ ದನಿಯಲ್ಲಿ ಹೇಳಿದ: ಅತ್ತೆಯ ವಿಚಾರ, ಎಲ್ಲರಿಗೂ ಗೊತ್ತಿದೆ ಎಂಬಂಥ ಅನಗತ್ಯ ಮಾತುಗಳನ್ನು ತೆಗೆದಿದ್ದೇನೆ, ಇನ್ನೇನಾದರೂ ಒಪ್ಪ ಮಾಡಬೇಕೇ? ನಿಮಗೂ ಅವನು ಇದನ್ನೇ ಹೇಳುತ್ತಾನೆ. ಅಂದವಾಗಿ ಕಾಣುವುದನ್ನು ನೋಡಿ ನೀವೂ ಆಗಲಿ ಎನ್ನುತ್ತೀರಿ, ನಾನು ನಿಮ್ಮ ಜಾಗದಲ್ಲಿದ್ದರೂ ಎನ್ನುತ್ತಿದ್ದೆ. ಸಭೆಯವರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಬರುವ ಸುಗ್ಗಿಗೆ ನೋಡೋಣ ಎಂದು ಎದ್ದುಹೋದರು. ಅಷ್ಟರಲ್ಲಿ ಹಳೆಯ ಕಾಳು ಪೂರ್ತಿ ಮುಗಿದಿದೆ. ಈಗ ಹಂಡೆಗೆ ಬೀಳುವುದೆಲ್ಲ ಹೊಸ ಕಾಳು.

ಹೊಟ್ಟೆ ಉರಿಯುತ್ತದೆ, ತಂಗಿ. ಯಾರ ಮೇಲೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಹುಸೇನಬಿ ಸುಳ್ಳು ಹೇಳಲಿಲ್ಲ, ಅವಳ ಕಾಲದಲ್ಲಿ ಅದು ಎಲ್ಲರಿಗೂ ಗೊತ್ತಿತ್ತು. ನೀವು ಕೆಟ್ಟದ್ದು ಬಯಸಲಿಲ್ಲ, ಓದುವವರಿಗೆ ಸುಲಭವಾಗಲಿ ಎಂದು ಮಾಡಿದಿರಿ. ಒಪ್ಪಗಾರ ಪಕ್ಕದಲ್ಲಿದ್ದ ಮಾತನ್ನು ಪಕ್ಕದ ಮಾತಿಗೆ ಸೇರಿಸಿದ. ದೇವಿಂದ್ರಪ್ಪ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತರು. ಎಲ್ಲರೂ ಒಳ್ಳೆಯವರೇ, ನನ್ನ ಮಗಳು ತೆವಳುತ್ತಾಳೆ.

ಈಗ ನಾನು ಮಾಡಬೇಕೆಂದಿರುವುದನ್ನು ಹೇಳಿಬಿಡುತ್ತೇನೆ. ಕಾಶಿಗೆ ಹೇಳಿದ್ದೇನೆ. ಅವಳು, “ಯವ್ವಾ, ನೀ ಹೋದ್ರ ನನ್ನ ಎತ್ತಿ ಕೂಡ್ಸವ್ರು ಯಾರು?” ಎಂದು ಕೇಳಿದಳು. ನಾನು ಅವಳ ಕಾಲು ಒತ್ತತೊಡಗಿದೆ. ಆಮೇಲೆ ಅವಳೇ, “ರೇವು ಕೂಡಸ್ತಾಳ, ಬಿಡು. ಆಕಿ ಕಾಲು ಗಟ್ಟಿ ಇದ್ರ ಸಾಕು,” ಎಂದಳು. ನನ್ನ ಮಗಳು ನನಗಿಂತ ಗಟ್ಟಿಗಿತ್ತಿ.

ನಾಳೆ ರೇವುವಿನ ಹಣೆಗೆ ವಿಭೂತಿ ಹಚ್ಚುವ ಮೊದಲು, ಊರೆಲ್ಲ ಸೇರಿರುವಾಗ, ನಾನು ಹಂಡೆ ಬಗ್ಗಿಸಿ ಕಾಳು ನೆನೆಸಿದ ನೀರನ್ನು ಚೆಲ್ಲುತ್ತೇನೆ. ಕೈತಪ್ಪಿತು ಎನ್ನುವುದಿಲ್ಲ, ಬೇಕೆಂದು ಚೆಲ್ಲಿದೆ ಎನ್ನುತ್ತೇನೆ. ಊರು ಬಿಡಿಸುತ್ತಾರೆ, ಬಿಡಿಸಲೇಬೇಕು. ಬಿಡಿಸುವ ಮೊದಲು ನನ್ನ ಹೇಳಿಕೆ ಕೇಳಬೇಕು, ಕೇಳಿ, ಹೊಸ ಕಾಳಿಗೆ ಚೆಲ್ಲಲು ಅಪ್ಪಣೆ ಕೊಡದ ಕೇಸರಿ ಕಾಳಿನ ಪುಟದ ತುದಿಗೇ ಇಡಬೇಕು. ಅದನ್ನು ಒಪ್ಪಗಾರ ಮುಟ್ಟುವಂತಿಲ್ಲ, ದೇವಿಂದ್ರಪ್ಪ ಓದದೆ ಬಿಡುವಂತಿಲ್ಲ. ನಮ್ಮೂರಿನ ಪುಟದಲ್ಲಿ ಮನುಷ್ಯರ ಮಾತು ಸೇರಿಸಲು ಉಳಿದಿರುವ ದಾರಿ ಇದೊಂದೇ. ಏನು ಹೇಳಬೇಕೆಂದು ಯೋಚಿಸಿದ್ದೇನೆ. ಕಾಳು ಹೊಸದಿರಲಿ ಹಳೆಯದಿರಲಿ ನೆನೆಸಿದ ನೀರು ಕುಡಿಯಬೇಡಿ, ನನ್ನ ಮಗಳ ಕಾಲು ನೋಡಿ, ಎನ್ನುತ್ತೇನೆ. ಪ್ರತಿ ಓದಿನಲ್ಲೂ ಅದು ಊರಿನ ಕಿವಿಗೆ ಬೀಳುತ್ತದೆ. ಮೊದಲ ಸಲ ನಕ್ಕಾರು, ಮುದುಕಿಗೆ ತಲೆ ಕೆಟ್ಟಿತ್ತು ಎಂದಾರು. ಕೇಳುತ್ತ ಕೇಳುತ್ತ ಒಂದು ದಿನ ಯಾರಾದರೂ ಎದ್ದು ನಿಲ್ಲುತ್ತಾರೆ ಎಂದು ನಂಬಿದ್ದೇನೆ. ರೇವುವಿನ ಕಾಲು ತೊಡರುವ ಮೊದಲು ಎದ್ದು ನಿಲ್ಲುತ್ತಾರೋ ಇಲ್ಲವೋ ಗೊತ್ತಿಲ್ಲ. ಕರಿಬಂಡಿಯ ದಾರಿ ಈ ಬಿಸಿಲಿನಲ್ಲಿ ನನ್ನ ವಯಸ್ಸಿಗೆ ದೂರವಾಯಿತು, ಅದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಆದರೆ ಅದಕ್ಕೂ ಮೊದಲು ನಿಮ್ಮನ್ನು ಕೇಳಿ ನೋಡಬೇಕು ಅನ್ನಿಸಿತು. ಒಪ್ಪಗಾರನೊಳಗೆ ಹಿಂದು ಮುಂದು ಎಂಬುದಿಲ್ಲ, ಅವನಿಗೆ ಹೇಳಿದ್ದು ಯಾವ ಕಾಲದವರಿಗೆ ಬೇಕಾದರೂ ತಲುಪೀತು ಎಂದು ನಮ್ಮಲ್ಲಿ ಕೆಲವರು ನಂಬುತ್ತಾರೆ. ನಾನು ಅಷ್ಟು ನಂಬುವವಳಲ್ಲ. ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆ ಎಂದು ಈ ಪತ್ರವನ್ನು ಅವನಿಗೇ ಹೇಳಿ ಬರೆಸುತ್ತಿದ್ದೇನೆ. ಇದನ್ನು ಒಪ್ಪ ಮಾಡಬೇಡ ಎಂದು ಎರಡು ಸಲ ಹೇಳಿದ್ದೇನೆ, ಏನು ಮಾಡುತ್ತಾನೋ ನೋಡಬೇಕು.

ತಂಗಿ, ಯಂತ್ರದ ಸಹಾಯ ಬೇಡ ಎಂದು ನಾನು ಹೇಳುವುದಿಲ್ಲ. ತಲೆಬರಹ ಹಾಕಿ, ಪಟ್ಟಿ ಮಾಡಿ, ಅಂದ ಮಾಡಿ. ಆದರೆ ಅವನು ಜೋಡಿಸಿ ಕೊಟ್ಟದ್ದನ್ನು ಉಳಿಸುವ ಮೊದಲು ಹುಸೇನಬಿಯ ಹತ್ತಿರ ಇನ್ನೊಮ್ಮೆ ಹೋಗಿ ಓದಿ ಹೇಳಿ. ಯಾವ ಮಾತು ಯಾವುದರ ಅಡಿಗೆ ಹೋಯಿತು ಎಂದು ಬೆರಳಿಟ್ಟು ಕೇಳಿ. ಅವಳು ಬೈಯುತ್ತಾಳೆ, ಎಲ್ಲರಿಗೂ ಗೊತ್ತಿರುವುದನ್ನು ಎಷ್ಟು ಸಲ ಕೇಳುತ್ತೀ ಎನ್ನುತ್ತಾಳೆ. ಬೈಸಿಕೊಳ್ಳಿ. ಆ ಒಂದು ಸಾಲನ್ನು ಒಂದು ಮೆಟ್ಟಿಲು ಮೇಲಕ್ಕೆ ತಂದು ಇಡಿ. ಅವಳು ಆಡಿದ ಮಾತನ್ನೂ ಪುಟದ ಕೆಳಗೆ ಹಾಗೆಯೇ ಇರಲು ಬಿಡಿ, ಅತ್ತೆಯೂ ಇರಲಿ.

ನಾಳೆ ಬೆಳಕು ಹರಿಯುವ ಹೊತ್ತಿಗೆ ನಾನು ಒಲೆಯ ಹತ್ತಿರ ಹೋಗುತ್ತೇನೆ. ಅಲ್ಲಿ ಅಡುಗೆಯವರು ಆ ನೀರನ್ನು ತಾವೇ ಬಗ್ಗಿಸಿ ಮಣ್ಣಿಗೆ ಸುರಿಯುತ್ತಿದ್ದರೆ, ಅದೇನು ದೊಡ್ಡ ವಿಷಯ ಎಂಬಂತೆ ನನ್ನ ಮುಖ ನೋಡಿದರೆ, ನೀವು ಓದಿದಿರಿ ಎಂದು ತಿಳಿಯುತ್ತೇನೆ. ಇಲ್ಲದಿದ್ದರೆ ನಾನೇ ಚೆಲ್ಲುತ್ತೇನೆ.

ಮಲಕವ್ವ